24 ಫೋಲ್ಡರ್, ಎಲ್ಲದರಲ್ಲೂ ಕಾನ್_0001! ಎಸ್‌ಪಿಎಂ ಫೈಲ್‌ಗಳಿಗೆ ನೀವೆಲ್ಲ ಹೆಸರಿಡೋದು ಹೇಗೆ?

ಗೀಟುಗೆರೆ
ಸೋಮವಾರ ರಾತ್ರಿ 11:52

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷ, ಎಫ್‌ಎಂಆರ್‌ಐ (ಕೆಲಸ ಮಾಡ್ತಿರೋ ಮೆದುಳಿನ ಸ್ಕ್ಯಾನ್) ಡೇಟಾ ಇಟ್ಕೊಂಡು ಒದ್ದಾಡ್ತಾ ಇದೀನಿ. ಆ ಸ್ಕ್ಯಾನ್ ಲೆಕ್ಕ ಹಾಕೋ ಎಸ್‌ಪಿಎಂ12 ಸಾಫ್ಟ್‌ವೇರ್, ಅದು ಓಡೋ ಮ್ಯಾಟ್‌ಲ್ಯಾಬ್, ವಿಂಡೋಸ್. ನನಗಿಂತ ಮುಂಚೆ ಈ ಪ್ರಾಜೆಕ್ಟ್ ನೋಡ್ಕೊಳ್ತಿದ್ದವರು ಪೋಸ್ಟ್‌ಡಾಕ್‌ಗೆ ಹೊರಟುಹೋದ್ರು, ಅವರ ಸ್ಕ್ರಿಪ್ಟು ನನ್ನ ತಲೆಗೆ ಬಂತು. ಫೈಲ್ ಹೆಸರುಗಳನ್ನ ಬಾಯಲ್ಲಿ ಹೇಳೋ ಹಾಗೇ ಕನ್ನಡದಲ್ಲಿ ಟೈಪ್ ಮಾಡಿದೀನಿ, ಪದಪದಕ್ಕೂ ಕೀಬೋರ್ಡ್ ಬದಲಾಯಿಸೋಕೆ ತಾಳ್ಮೆ ಇಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ.

ಪ್ರಯೋಗ ಸಿಂಪಲ್. ಕನ್ನಡ, ಇಂಗ್ಲಿಷ್ ಎರಡೂ ಓದೋಕೆ ಬರೋ 24 ಜನ. ಸ್ಕ್ಯಾನರ್ ಒಳಗೆ ಮೂರು ಥರದ್ದು ತೋರಿಸ್ತೀವಿ: ಕನ್ನಡ ಪದ, ಇಂಗ್ಲಿಷ್ ಪದ, ಆಮೇಲೆ ಅಕ್ಷರಗಳನ್ನ ಕತ್ತರಿಸಿ ಅಂಟಿಸಿ ಮಾಡಿದ ಅರ್ಥ ಇಲ್ಲದ ಗೀಟುಗಳು. ಒಬ್ಬೊಬ್ಬರಿಗೆ ಎರಡು ರನ್. ಕಾಂಟ್ರಾಸ್ಟ್ (ಒಂದಕ್ಕೆ ಇನ್ನೊಂದಕ್ಕಿಂತ ಮೆದುಳು ಎಲ್ಲಿ ಹೆಚ್ಚು ಕೆಲಸ ಮಾಡ್ತು ಅನ್ನೋ ಹೋಲಿಕೆ) ಮೂರು, ಒಂದನೇದು ಕನ್ನಡ > ಗೀಟು, ಎರಡನೇದು ಇಂಗ್ಲಿಷ್ > ಗೀಟು, ಮೂರನೇದು ಕನ್ನಡ > ಇಂಗ್ಲಿಷ್.

ಈಗ ಗೋಳು. ಫಸ್ಟ್ ಲೆವೆಲ್ (ಒಬ್ಬೊಬ್ಬರದೇ ಲೆಕ್ಕ) ಮುಗೀತು, 24 ಫೋಲ್ಡರ್ ಬಂತು, ಪ್ರತಿಯೊಂದರಲ್ಲೂ ಅದೇ ಕಾನ್_0001, ಕಾನ್_0002, ಕಾನ್_0003, ಅಂದ್ರೆ ಕಾಂಟ್ರಾಸ್ಟ್‌ಗೊಂದು ಫೈಲು. ಗ್ರೂಪ್ ಅನಾಲಿಸಿಸ್‌ಗೆ ಸುಲಭ ಆಗ್ಲಿ ಅಂತ ಎಲ್ಲರ ಕಾನ್_0003 ತಗೊಂಡು ಒಂದೇ ಫೋಲ್ಡರ್‌ಗೆ ಕಾಪಿ ಮಾಡೋಕೆ ಹೋದೆ, ರಾತ್ರಿ ಒಂದೂವರೆ, ವಿಂಡೋಸ್ ರಿಪ್ಲೇಸ್ ಮಾಡ್ಲಾ ಅಂತ ಕೇಳ್ತು, ನಾನು ಹೂಂ ಹೂಂ ಅಂತ ಒತ್ತುತ್ತಾ ಹೋದೆ. ಕೊನೆಗೆ ನೋಡಿದ್ರೆ ಫೋಲ್ಡರ್‌ನಲ್ಲಿ ಒಂದೇ ಒಂದು ಫೈಲು, 24ನೇ ಸಬ್ಜೆಕ್ಟ್‌ದು. ನಗ್ಬೇಡಿ.

ಮಾರನೇ ದಿನ ಕೂತು 72 ಫೈಲನ್ನೂ ಕೈಯಲ್ಲೇ ರೀನೇಮ್ ಮಾಡ್ದೆ. ಎಸ್07_ಕಾನ್3_ಕನ್ನಡಇಂಗ್ಲಿಷ್, ಆ ಥರ. ಮಧ್ಯೆ ಒಂದಷ್ಟು ರೀರನ್ ಮಾಡ್ಬೇಕಾಯ್ತು, ಅವು ಫೈನಲ್, ಫೈನಲ್2, ಫೈನಲ್2_ನ್ಯೂ ಆದವು. ಫೋಲ್ಡರ್ ಹೆಸರೂ ನೀಟಾಗಿರ್ಲಿ ಅಂತ ಬದಲಾಯಿಸಿದೆ, ಆಮೇಲೆ ಮಾಡೆಲ್ ಮಾಹಿತಿ ಇರೋ ಎಸ್‌ಪಿಎಂ ಡಾಟ್ ಮ್ಯಾಟ್ ಫೈಲ್ ಲೋಡ್ ಮಾಡಿದ್ರೆ ಇಮೇಜ್ ಸಿಗ್ತಿಲ್ಲ ಅಂತ ಎರರ್.

ಜೊತೆಗೆ ಇನ್ನೊಂದು, ಇದಕ್ಕೂ ಹೆಸರಿಗೂ ಸಂಬಂಧ ಇದೆಯೋ ಇಲ್ವೋ ಗೊತ್ತಿಲ್ಲ: ಗ್ರೂಪ್‌ನಲ್ಲಿ ಒಂದನೇದೂ ಎರಡನೇದೂ ಚೆನ್ನಾಗಿ ಬಂದಿದೆ, ಎಡಗಡೆ ತಲೆ ಹಿಂಭಾಗದ ಕೆಳಗೆ, ಓದುವಾಗ ಬರಬೇಕಾದ ಜಾಗದಲ್ಲೇ ಬಂದಿದೆ. ಮೂರನೇದು ಮಾತ್ರ ಖಾಲಿ. ಥ್ರೆಶೋಲ್ಡ್ ಸಡಿಲ ಮಾಡಿ 0.001 ಅನ್‌ಕರೆಕ್ಟೆಡ್ ಇಟ್ರೂ ಎಸ್‌ಪಿಎಂ ತೋರಿಸೋ ಗಾಜಿನ ಮೆದುಳಿನ ಚಿತ್ರದಲ್ಲಿ ಒಂದು ಚುಕ್ಕಿ ಇಲ್ಲ. ಗೈಡ್ ‘ಎರಡೂ ಭಾಷೆಗೆ ಒಂದೇ ಜಾಗ ಅಂತ ಬರೀರಿ, ಅದೂ ಒಂದು ಫೈಂಡಿಂಗೇ’ ಅಂದ್ರು. ನಂಗ್ಯಾಕೋ ಸಮಾಧಾನ ಇಲ್ಲ.

ಸ್ಕ್ರೀನ್‌ಶಾಟ್ ಹಾಕಿದೀನಿ ನೋಡಿ. ಒಂದು ಸರಿಯಾದ ಪದ್ಧತಿ ಹೇಳಿ ಪುಣ್ಯ ಕಟ್ಕೊಳ್ಳಿ.


ಹಳೇವಾಕ್ಸೆಲ್
ಮಂಗಳವಾರ ಬೆಳಿಗ್ಗೆ 7:15

ಮೊದಲನೇದಾಗಿ ಆ ಸ್ಕ್ರೀನ್‌ಶಾಟ್ ಈಗಲೇ ತೆಗೀರಿ. ಎಡಗಡೆ ಕಚ್ಚಾ ಡೇಟಾ ಫೋಲ್ಡರ್‌ಗಳ ಹೆಸರಲ್ಲಿ ಜನರ ಹೆಸರೇ ಕಾಣ್ತಿದೆ. ಸ್ಕ್ಯಾನರ್ ಕೊಡೋ ಡೈಕಾಮ್ ಫೈಲ್‌ನಿಂದ ಕನ್ವರ್ಟ್ ಮಾಡುವಾಗ ಡಿಸಿಎಂ2ನಿಕ್ಸ್ ಪ್ರೋಗ್ರಾಂಗೆ ಪೇಷಂಟ್ ಹೆಸರು ಹಾಕು ಅಂತ ಯಾರೋ ಹೇಳಿಟ್ಟಿದಾರೆ, ಅದೇ ಹೆಸರು ಮುಂದಿನ ಎಲ್ಲಾ ಫೈಲಿಗೂ ಅಂಟ್ಕೊಂಡು ಬರುತ್ತೆ. ಸಬ್-01, ಸಬ್-02 ಅಂತ ನಂಬರ್ ಮಾಡಿ, ಯಾವ ನಂಬರ್ ಯಾರು ಅನ್ನೋ ಪಟ್ಟಿ ಬೇರೆ ಕಡೆ ಬೀಗ ಹಾಕಿ ಇಡಿ.

ಈಗ ವಿಷಯಕ್ಕೆ. ಎಸ್‌ಪಿಎಂ ತಾನೇ ಇಟ್ಟ ಹೆಸರನ್ನ ಯಾವತ್ತೂ ಮುಟ್ಟಬೇಡಿ. ನಾನೂ ಮುಟ್ಟಿದ್ದೆ, ಎಸ್‌ಪಿಎಂ2 ಕಾಲದಲ್ಲಿ, ಅದಕ್ಕೇ ಹೇಳ್ತಿರೋದು.

ಇದರಲ್ಲಿ ಹೆಸರು ಎರಡು ಥರ ಹುಟ್ಟುತ್ತೆ. ಪ್ರೀಪ್ರೊಸೆಸಿಂಗ್‌ನಲ್ಲಿ (ಲೆಕ್ಕಕ್ಕೆ ಮುಂಚೆ ಇಮೇಜ್ ಹದ ಮಾಡೋದು) ಪ್ರತಿ ಹೆಜ್ಜೆಗೂ ಹೆಸರಿನ ಮುಂದೆ ಒಂದೊಂದು ಅಕ್ಷರ ಸೇರ್ಕೊಳ್ಳುತ್ತೆ. ಸ್ಲೈಸ್ ಟೈಮಿಂಗ್‌ಗೆ ಎ, ರೀಅಲೈನ್ ಮಾಡಿ ರೀಸ್ಲೈಸ್ ಮಾಡಿದ್ರೆ ಆರ್, ಅನ್‌ವಾರ್ಪ್‌ಗೆ ಯು, ನಾರ್ಮಲೈಸ್‌ಗೆ ಡಬ್ಲ್ಯು, ಸ್ಮೂತ್‌ಗೆ ಎಸ್. ನಮ್ಮಲ್ಲಿ ಊರಿಂದು, ಅಪ್ಪಂದು ಅಂತ ಹೆಸರಿನ ಮುಂದೆ ಇನಿಷಿಯಲ್ ಸಾಲಾಗಿ ನಿಲ್ಲುತ್ತಲ್ಲ, ಹಾಗೆ. ಆದ್ರೆ ಓದೋದು ಬಲದಿಂದ ಎಡಕ್ಕೆ, ಉರ್ದು ಥರ, ಹೆಸರಿಗೆ ಅಂಟಿಕೊಂಡಿರೋ ಅಕ್ಷರ ಮೊದಲ ಹೆಜ್ಜೆ. ಎಸ್-ಡಬ್ಲ್ಯು-ಆರ್-ಎ ಅಂತಿದ್ರೆ ಮೊದಲು ಸ್ಲೈಸ್ ಟೈಮಿಂಗ್, ಆಮೇಲೆ ರೀಅಲೈನ್. ಎಸ್-ಡಬ್ಲ್ಯು-ಎ-ಆರ್ ಅಂತಿದ್ರೆ ಉಲ್ಟಾ. ಪೇಪರ್‌ನಲ್ಲಿ ಮೆಥಡ್ಸ್ ಬರೆಯುವಾಗ ಯಾರು ಏನು ಮಾಡಿದ್ರು ಅಂತ ನೆನಪಿಲ್ದೇ ಇದ್ರೂ ಫೈಲ್ ಹೆಸರು ಸಾಕ್ಷಿ ಹೇಳುತ್ತೆ. ಅದನ್ನ ರೀನೇಮ್ ಮಾಡಿದ್ರೆ ಸಾಕ್ಷಿ ನಾಶ ಮಾಡಿದ ಹಾಗೆ ಅಷ್ಟೇ.

ಸ್ಟ್ಯಾಟ್ಸ್‌ಗೆ ಬಂದ್ರೆ ಬೇರೆ ಲೆಕ್ಕ. ಬೀಟಾ_0001 ಅಂದ್ರೆ ಡಿಸೈನ್ ಮ್ಯಾಟ್ರಿಕ್ಸ್‌ನ (ಸ್ಕ್ಯಾನ್‌ನಲ್ಲಿ ಯಾವಾಗ ಏನು ನಡೀತು ಅನ್ನೋ ಕೋಷ್ಟಕ) ಮೊದಲ ಕಾಲಂ. ಕಾನ್_0001 ಮೊದಲ ಕಾಂಟ್ರಾಸ್ಟ್, ಎಸ್‌ಪಿಎಂಟಿ_0001 ಅದರದ್ದೇ ಟಿ ಮ್ಯಾಪ್. ಎಫ್ ಕಾಂಟ್ರಾಸ್ಟ್ ಮಾಡಿದ್ರೆ ಕಾನ್ ಬದಲು ಇಎಸ್‌ಎಸ್_ ಅಂತ ಬರುತ್ತೆ, ಆದ್ರೆ ನಂಬರ್ ಸರದಿ ಒಂದೇ, ಎರಡನೇದು ಎಫ್ ಆದ್ರೆ ಆ ಫೋಲ್ಡರ್‌ನಲ್ಲಿ ಕಾನ್_0002 ಇರೋದೇ ಇಲ್ಲ. ಕಳೆದುಹೋಯ್ತು ಅಂತ ಒಬ್ಬ ಹುಡುಗ ಅರ್ಧ ದಿನ ಹುಡುಕಿದ್ದ. ಹೆಸರಲ್ಲೇ ಯಾಕೆ ‘ಕನ್ನಡ > ಇಂಗ್ಲಿಷ್’ ಅಂತ ಇಡಲ್ಲ ಅಂತೀರಾ? ಆ > ಚಿಹ್ನೆ ವಿಂಡೋಸ್ ಫೈಲ್ ಹೆಸರಲ್ಲಿ ಬರೋ ಹಾಗೇ ಇಲ್ಲ. ನಂಬರ್ ಹೊರಗೆ, ಹೆಸರು ಒಳಗೆ, ಫೈಲಿನ ವಿವರ ಇರೋ ಹೆಡರ್‌ನಲ್ಲಿ. ಲೈಬ್ರರಿ ಪುಸ್ತಕದ ಬೆನ್ನ ಮೇಲೆ ನಂಬರ್ ಇದ್ದ ಹಾಗೆ ಅಂದ್ಕೊಳ್ಳಿ.

ಗ್ರೂಪ್‌ಗೆ ಕಾಪಿ ಮಾಡೋ ಅಗತ್ಯವೇ ಇಲ್ಲ. ಅವು ಇದ್ದಲ್ಲೇ ಇರ್ಲಿ, ಸೆಕೆಂಡ್ ಲೆವೆಲ್‌ನಲ್ಲಿ, ಅಂದ್ರೆ ಗ್ರೂಪ್ ಲೆಕ್ಕದಲ್ಲಿ, ಪೂರ್ತಿ ಪಾತ್ ಕೊಡಿ. ಸಬ್-07 ಅನ್ನೋದು ಫೋಲ್ಡರ್‌ನಲ್ಲಿ ಇದ್ದೇ ಇದೆಯಲ್ಲ, ಫೈಲ್ ಹೆಸರಲ್ಲಿ ಯಾಕೆ ಮತ್ತೆ? ನನ್ನ ಪದ್ಧತಿ: ಫಸ್ಟ್‌ಲೆವೆಲ್ ಅಂತೊಂದು ಫೋಲ್ಡರ್, ಅದರೊಳಗೆ ಮಾಡೆಲ್ ಹೆಸರು, ಅದರೊಳಗೆ ಸಬ್-07. ಸೆಕೆಂಡ್‌ಲೆವೆಲ್ ಒಳಗೆ ಅದೇ ಮಾಡೆಲ್ ಹೆಸರು, ಅದರೊಳಗೆ ಕಾಂಟ್ರಾಸ್ಟ್ ನಂಬರೂ ಹೆಸರೂ ಸೇರಿಸಿ, 03_ಕನ್ನಡ-ಇಂಗ್ಲಿಷ್. ಇದು ಮುಖ್ಯ, ಯಾಕಂದ್ರೆ ಗ್ರೂಪ್ ಫೋಲ್ಡರ್ ಒಳಗೂ ಎಸ್‌ಪಿಎಂ ಮತ್ತೆ ಕಾನ್_0001, ಎಸ್‌ಪಿಎಂಟಿ_0001 ಅಂತಲೇ ಹೆಸರಿಡೋದು. ಫೋಲ್ಡರ್ ಹೆಸರೊಂದೇ ಗತಿ. 7 ಅಲ್ಲ 07 ಅಂತ ಬರೀರಿ, ಇಲ್ದಿದ್ರೆ ಸ್ಕ್ರಿಪ್ಟ್ 1 ಆದ್ಮೇಲೆ 10 ಓದುತ್ತೆ, ನಿಮ್ಮ ವಯಸ್ಸಿನ ಕೋವೇರಿಯೇಟ್ ಪಟ್ಟಿ ಮಾತ್ರ 1 ಆದ್ಮೇಲೆ 2 ಅಂತ ಇರುತ್ತೆ, ಯಾರ ವಯಸ್ಸೋ ಯಾರ ಮೆದುಳೋ.

ಫೋಲ್ಡರ್ ಹೆಸರು ಬದಲಾಯಿಸಿದ್ದಕ್ಕೆ ಎರರ್ ಬಂದಿದ್ದು ಸಹಜ, ಎಸ್‌ಪಿಎಂ ಡಾಟ್ ಮ್ಯಾಟ್ ಒಳಗೆ ಪೂರ್ತಿ ಪಾತ್ ಬರೆದಿಟ್ಟಿರುತ್ತೆ. ಎಸ್‌ಪಿಎಂ_ಚೇಂಜ್‌ಪಾತ್ ಅಂತ ಫಂಕ್ಷನ್ ಇದೆ, ಹಳೇದು ಹೊಸದು ಕೊಟ್ರೆ ಸರಿಮಾಡುತ್ತೆ. ಮೊದಲು ಒಂದು ಬ್ಯಾಕಪ್.

ಸಬ್-01 ಅಂತ ಇಡಿ ಅಂದ್ನಲ್ಲ, ಅದರಲ್ಲೂ ಒಂದು ಹಳ್ಳ ಇದೆ. ‘ಎಸ್‌ನಿಂದ ಶುರುವಾಗೋ ಫೈಲ್ ತಗೋ’ ಅಂತ ಫಿಲ್ಟರ್ ಬರೆದಿದ್ರೆ ಸ್ಮೂತ್ ಆಗಿದ್ದೂ ಬರುತ್ತೆ, ಸಬ್ ಅಂತ ಶುರುವಾಗೋ ಕಚ್ಚಾ ಫೈಲೂ ಬರುತ್ತೆ. ಎಂ ಅಂತ ಹಾಕಿದ್ರೆ ಬಯಾಸ್ ಕರೆಕ್ಟ್ ಆಗಿದ್ದರ ಜೊತೆ ಮೀನ್ ಇಮೇಜೂ ಬರುತ್ತೆ. ಫಿಲ್ಟರ್‌ನಲ್ಲಿ ಇನಿಷಿಯಲ್ ಎಲ್ಲಾ ಪೂರ್ತಿ ಬರೀರಿ, ಎಸ್-ಡಬ್ಲ್ಯು-ಆರ್-ಎ-ಸಬ್ ಅಂತ.


ಹುಬ್ಬಳ್ಳಿ_ಹುಡುಗ
ಮಂಗಳವಾರ ಬೆಳಿಗ್ಗೆ 9:40

ಎಸ್‌ಪಿಎಂ ಮಂದಿ ಅಳೂದು ನೋಡಿ ನಮಗೂ ಸ್ವಲ್ಪ ಸಮಾಧಾನ ಆತು ನೋಡ್ರಿ. ನಾ ಎಫ್‌ಎಸ್‌ಎಲ್ (ಇದ ಕೆಲಸದ ಬ್ಯಾರೆ ಸಾಫ್ಟ್‌ವೇರ್) ಮನಷ್ಯಾ, ಲಿನಕ್ಸ್ ಮ್ಯಾಗ. ನಮ್ಮಲ್ಲೂ ಇದ ಕತಿ, ಬ್ಯಾರೆ ವೇಷ.

ನಿಮ್ಮ ಎಸ್‌ಪಿಎಂ ಅದ ಫೋಲ್ಡರ್‌ದಾಗ ಮತ್ತೊಮ್ಮೆ ಎಸ್ಟಿಮೇಟ್ ಮಾಡಿದ್ರ ಹಳೇ ಬೀಟಾ, ಕಾನ್ ಎಲ್ಲಾ ಅಳಿಸಿ ಹೊಸಾದು ಬರೀತೈತಿ. ನಮ್ಮ ಎಫ್‌ಎಸ್‌ಎಲ್‌ದಾಗ ಈ ಲೆಕ್ಕ ಮಾಡೂ ಫೀಟ್ ಹಂಗಲ್ಲ, ಅದು ಏನೂ ಅಳಸಂಗಿಲ್ಲ. ರನ್1 ಡಾಟ್ ಫೀಟ್ ಇದ್ರ ಮುಂದಿಂದು ರನ್1+ ಡಾಟ್ ಫೀಟ್, ಅದರ ಮುಂದ ರನ್1++ ಡಾಟ್ ಫೀಟ್. ಒಂದು ದಿನ ನಮ್ಮ ಸರ್ವರ್‌ದಾಗ ಆರು ಪ್ಲಸ್ ಇರೂ ಫೋಲ್ಡರ್ ನೋಡೇನಿ ನಾ. ಅದನ್ನ ಮಾಡಿದಾವ್ಗ ಕೇಳಿದ್ರ ‘ಪ್ಲಸ್ ಭಾಳ ಇದ್ದದ್ದು ಚಲೋದು’ ಅಂದ. ಪರೀಕ್ಷಾ ಗ್ರೇಡ್ ಏನಪಾ ಅದು?

ಗ್ರೂಪ್‌ದಾಗ ಇನ್ನೂ ಮಜಾ ಐತಿ. ಗ್ರೂಪ್ ಡಾಟ್ ಜಿಫೀಟ್ ಒಳಗ ಕೋಪ್3 ಡಾಟ್ ಫೀಟ್ ಅಂತ ಫೋಲ್ಡರ್ (ಕೋಪ್ ಅಂದ್ರ ನಿಮ್ಮ ಕಾನ್ ಇದ್ದಂಗ), ಅದರಾಗ ಸ್ಟ್ಯಾಟ್ಸ್, ಅದರಾಗ ಕೋಪ್1. ಈಗ ಹೇಳ್ರಿ, ಇದು ಮೂರನೇದೋ ಒಂದನೇದೋ? ಎರಡೂ ಖರೆ! ಹೊರಗಿನ 3 ಅಂದ್ರ ಕೆಳಗಿನ ಲೆವೆಲ್ಲಿನ ಮೂರನೇ ಕಾಂಟ್ರಾಸ್ಟ್, ನಿಮ್ಮ ಲೆಕ್ಕದಾಗ ಕನ್ನಡ > ಇಂಗ್ಲಿಷ್. ಒಳಗಿನ 1 ಅಂದ್ರ ಗ್ರೂಪ್ ಲೆವೆಲ್ಲಿನ ಒಂದನೇ ಕಾಂಟ್ರಾಸ್ಟ್, ಅಂದ್ರ ಎಲ್ಲಾರ ಸರಾಸರಿ. ಹೊಸಬ್ರು ಈ ಕೋಪ್1 ಕಾಪಿ ಮಾಡಿ ಡೆಸ್ಕ್‌ಟಾಪ್ ಮ್ಯಾಗ ಇಟ್ರು ಅಂದ್ರ ಮುಗೀತು, ಅದು ಯಾವ ಕಾಂಟ್ರಾಸ್ಟ್ ಅಂತ ಅವರ ಅಪ್ಪಗೂ ಗೊತ್ತಾಗಂಗಿಲ್ಲ.

ಮತ್ತ ಎರಡೂ ಸಾಫ್ಟ್‌ವೇರ್ ಕಲಸಿ ಬಳಸೋರು ಹುಷಾರು. ಎಸ್‌ಪಿಎಂದಾಗ ಮೆದುಳನ್ನ ಭಾಗ ಭಾಗ ಬ್ಯಾರೆ ಮಾಡಿದ್ರ ಸಿ1 ಅಂದ್ರ ಗ್ರೇ ಮ್ಯಾಟರ್, ಸಿ2 ವೈಟ್, ಸಿ3 ನೀರು. ಅದ ಕೆಲಸಾ ಮಾಡೂ ನಮ್ಮ ಫಾಸ್ಟ್‌ದಾಗ ಟಿ1 ಇಮೇಜ್ ಕೊಟ್ರ ಪಿವಿಇ_0 ನೀರು, 1 ಗ್ರೇ, 2 ವೈಟ್. ಒಂದು ಮತ್ತ ಎರಡು ಹೊಂದ್ತಾವಲ್ಲಾ, ಅದಕ್ಕ ಮೂರನೇದೂ ಹೊಂದ್ತೈತಿ ಅಂತ ಪಿವಿಇ_3 ಹುಡುಕೋರು ಅದಾರ. ಇನ್ನ ರ‍್ಯಾಂಡಮೈಸ್ ಅನ್ನೂ ನಮ್ಮ ಟೆಸ್ಟ್ ಪ್ರೋಗ್ರಾಂ ಕೊಡೂ ಕರೆಕ್ಟ್-ಪಿ ಫೈಲ್‌ದಾಗ ಪಿ ಅಂತ ಹೆಸರೈತಿ, ಒಳಗಿರೂದು 1 ಕಳೆ ಪಿ! 0.97 ನೋಡಿ ‘ಏನೂ ಬಂದಿಲ್ಲ ಸರ್’ ಅಂತ ಮಾರಿ ಸಣ್ಣ ಮಾಡಿದ ಹುಡುಗಿಗೆ ಚಾ ಕುಡಿಸಿ ಹೇಳ್ಬೇಕಾತು, ಅವ್ವಾ ಅದು 0.03, ಬಂದೈತಿ.


ಗೀಟುಗೆರೆ
ಮಂಗಳವಾರ ಮಧ್ಯಾಹ್ನ 1:05

ಸ್ಕ್ರೀನ್‌ಶಾಟ್ ತೆಗೆದೆ, ಸಾರಿ, ನಿಜವಾಗ್ಲೂ ಗಮನಿಸಿರಲಿಲ್ಲ. ಚೇಂಜ್‌ಪಾತ್ ಕೆಲಸ ಮಾಡ್ತು. ನಂದು ಫಿಲ್ಟರ್ ‘ಎಸ್’ ಅಂತಲೇ ಇತ್ತು, ಆದ್ರೆ ಕಚ್ಚಾ ಫೈಲ್ ಬೇರೆ ಫೋಲ್ಡರ್‌ನಲ್ಲಿತ್ತು, ಬದುಕಿದೆ. ಮೂರನೇ ಕಾಂಟ್ರಾಸ್ಟ್ ಇನ್ನೂ ಖಾಲಿನೇ.


ಬೀದರ್_ಟು_ಬರ್ಲಿನ್
ಮಂಗಳವಾರ ಸಂಜೆ 5:30

ಇಷ್ಟೊತ್ತಾದ್ರೂ ಯಾರೂ ಬಿಡ್ಸ್ ಹೆಸರೇ ಎತ್ತಿಲ್ವಲ್ಲ, ಆಶ್ಚರ್ಯ. ಬ್ರೈನ್ ಇಮೇಜಿಂಗ್ ಡೇಟಾ ಸ್ಟ್ರಕ್ಚರ್, ಪೇಪರ್ ಬಂದಿದ್ದು 2016ರಲ್ಲಿ. ಪ್ರತಿ ಲ್ಯಾಬೂ ತನ್ನದೇ ಪದ್ಧತಿ ಕಂಡುಹಿಡಿಯೋ ಕರ್ಮ ತಪ್ಪಲಿ ಅಂತಲೇ ಮಾಡಿದ್ದು.

ಹೆಸರು ಅಂದ್ರೆ ಜೋಡಿಗಳ ಸಾಲು. ಏನು-ಯಾವುದು, ಏನು-ಯಾವುದು, ಜೋಡಿ ಒಳಗೆ ಅಡ್ಡಗೆರೆ, ಜೋಡಿ ಜೋಡಿ ಮಧ್ಯೆ ಅಂಡರ್‌ಸ್ಕೋರ್, ಕೊನೆಗೆ ಇದು ಯಾವ ಜಾತಿ ಇಮೇಜು ಅಂತ ಒಂದು ಪದ. ಸಬ್-07_ಟಾಸ್ಕ್-ಓದು_ರನ್-1_ಬೋಲ್ಡ್. ಜೋಡಿಗಳ ಕ್ರಮ ನಿಮ್ಮಿಷ್ಟ ಅಲ್ಲ, ಮೊದಲು ಸಬ್, ಆಮೇಲೆ ಸೆಷನ್ ಇದ್ರೆ ಸೆಷನ್, ಆಮೇಲೆ ಟಾಸ್ಕ್, ಹೀಗೆ. ಪ್ರೀಪ್ರೊಸೆಸಿಂಗ್‌ಗೆ ಎಫ್‌ಎಂಆರ್‌ಐಪ್ರೆಪ್ ಓಡಿಸಿದ್ರೆ ಹೆಸರಿನ ಮುಂದೆ ಇನಿಷಿಯಲ್ ಬರಲ್ಲ, ಹಿಂದೆ ಸ್ಪೇಸ್-ಎಂಎನ್‌ಐ ಏನೋ ಅಂತ ಯಾವ ಸ್ಪೇಸ್, ಡೆಸ್ಕ್-ಪ್ರೀಪ್ರಾಕ್ ಅಂತ ಏನು ಮಾಡಿದ್ದು ಅನ್ನೋದೆಲ್ಲ ಸೇರುತ್ತೆ. ಉದ್ದ ಅಂತ ಬೈಬೇಡಿ, ಆರು ತಿಂಗಳು ಬಿಟ್ಟು ನೋಡಿದ್ರೂ ಅರ್ಥ ಆಗುತ್ತೆ.

ಸ್ಟ್ಯಾಟ್ಸ್‌ಗೂ ಇದೆ. ನೈಲರ್ನ್ ಅನ್ನೋ ಪೈಥಾನ್ ಲೈಬ್ರರಿಲಿ ಜಿಎಲ್‌ಎಂ (ಇದೇ ಬೀಟಾ ಲೆಕ್ಕದ ಮಾಡೆಲ್) ರಿಸಲ್ಟನ್ನ ಬಿಡ್ಸ್ ಥರ ಸೇವ್ ಮಾಡು ಅಂದ್ರೆ ಕಾಂಟ್ರಾಸ್ಟ್-ಇಂಥದ್ದು_ಸ್ಟ್ಯಾಟ್-ಝಡ್_ಸ್ಟ್ಯಾಟ್‌ಮ್ಯಾಪ್ ಅಂತ ಬರುತ್ತೆ. ಎಫೆಕ್ಟ್‌ಗೊಂದು, ವೇರಿಯನ್ಸ್‌ಗೊಂದು, ಟಿಗೊಂದು, ಪಿಗೊಂದು. ಫಿಟ್‌ಲಿನ್ಸ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಕೂಡ ಹೆಚ್ಚುಕಮ್ಮಿ ಅದೇ ಥರ. ನಂಬರ್ ಹಂಗಿಲ್ಲ, ಹೆಸರು ಹೆಸರಲ್ಲೇ ಇದೆ.

ಒಂದೇ ಕಟ್ಟುನಿಟ್ಟು, ಅಡ್ಡಗೆರೆ ಅಂಡರ್‌ಸ್ಕೋರ್ ಎರಡಕ್ಕೂ ಆಗಲೇ ಕೆಲಸ ಇರೋದ್ರಿಂದ ಲೇಬಲ್ ಒಳಗೆ ಅವನ್ನ ಬಳಸೋ ಹಾಗಿಲ್ಲ. ‘ಕನ್ನಡ-ಇಂಗ್ಲಿಷ್’ ಅಲ್ಲ, ‘ಕನ್ನಡವರ್ಸಸ್‌ಇಂಗ್ಲಿಷ್’ ಅಂತ ಒಂದೇ ಉಸಿರಿಗೆ. ಮತ್ತೆ ನಾವಿಲ್ಲಿ ಕನ್ನಡದಲ್ಲಿ ಬರೀತಿದೀವಿ ಅಂತ ಡಿಸ್ಕ್ ಮೇಲೂ ಕನ್ನಡ ಲಿಪಿಲಿ ಹೆಸರಿಡೋಕೆ ಹೋಗ್ಬೇಡಿ, ಲೇಬಲ್‌ಗೆ ಇಂಗ್ಲಿಷ್ ಅಕ್ಷರ, ಅಂಕಿ ಅಷ್ಟೇ. ಭಾಷಾಭಿಮಾನ ಪೇಪರ್ ಟೈಟಲ್‌ಗೆ ಇಟ್ಕೊಳ್ಳಿ.


ಹಳೇವಾಕ್ಸೆಲ್
ಮಂಗಳವಾರ ಸಂಜೆ 6:10

ಬಿಡ್ಸ್ ಒಳ್ಳೇದೇ, ಕಚ್ಚಾ ಡೇಟಾಗೆ ಕಣ್ಮುಚ್ಚಿ ಮಾಡಿ. ಆದ್ರೆ ಈಗ ಅರ್ಧ ದಾರಿಲಿರೋ ಹುಡುಗಿಗೆ/ಹುಡುಗಂಗೆ ಎಸ್‌ಪಿಎಂ ಔಟ್‌ಪುಟ್ ಎಲ್ಲಾ ಆ ಥರ ರೀನೇಮ್ ಮಾಡು ಅಂದ್ರೆ ಇನ್ನೊಂದು 72 ಫೈಲಿನ ರಾತ್ರಿ. ಒಳಗೆ ಎಸ್‌ಪಿಎಂ ಹೆಸರು ಹಾಗೇ ಇರ್ಲಿ. ಬೇರೆಯವರಿಗೆ ಕಳ್ಸುವಾಗ, ಮೆದುಳಿನ ಮ್ಯಾಪ್ ಹಂಚ್ಕೊಳ್ಳೋ ನ್ಯೂರೋವಾಲ್ಟ್ ಸೈಟ್‌ಗೆ ಹಾಕುವಾಗ ಮಾತ್ರ ಸ್ಕ್ರಿಪ್ಟಲ್ಲಿ ಕಾಪಿ ಮಾಡ್ತಾ ಉದ್ದ ಹೆಸರು ಕೊಡಿ. ಇನ್ನೊಂದು, ವಿಂಡೋಸ್‌ನಲ್ಲಿ ಪಾತ್ ಪೂರ್ತಿ ಸೇರಿ 260 ಅಕ್ಷರದ ಹಳೇ ಮಿತಿ ಈಗ್ಲೂ ಅಲ್ಲಲ್ಲಿ ಕಚ್ಚುತ್ತೆ. ‘ನ್ಯೂ ಫೋಲ್ಡರ್’ ಒಳಗೆ ‘ನ್ಯೂ ಫೋಲ್ಡರ್ 2’ ಇಟ್ಕೊಂಡು ಅದರೊಳಗೆ ಬಿಡ್ಸ್ ಹೆಸರು ಹಾಕಿದ್ರೆ ಗೋವಿಂದ.


ಬೀದರ್_ಟು_ಬರ್ಲಿನ್
ಮಂಗಳವಾರ ಸಂಜೆ 6:22

ಆ ಕಾಪಿ ಮಾಡೋ ಸ್ಕ್ರಿಪ್ಟ್ ಬರೆಯೋಕೆ ಯಾವ ಕಾನ್ ಯಾವ ಕಾಂಟ್ರಾಸ್ಟ್ ಅಂತ ಗೊತ್ತಿರ್ಬೇಕಲ್ಲ ಸ್ವಾಮಿ. ಸಮಸ್ಯೆನೇ ಅದು.


ಮೂರುಚುಕ್ಕಿ
ಮಂಗಳವಾರ ರಾತ್ರಿ 10:48

ಮೇಲಿನ ಕೊನೇ ಮಾತು ಹಿಡ್ಕೊಂಡು ಹೇಳ್ತೀನಿ. ನಾನು ಎಎಫ್‌ಎನ್‌ಐ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಬಳಸೋದು, ರಾಬರ್ಟ್ ಕಾಕ್ಸ್ 1994ರ ಸುಮಾರಿಗೆ ವಿಸ್ಕಾನ್ಸಿನ್‌ನಲ್ಲಿ ಶುರುಮಾಡಿದ್ದು, ಹಳೇ ಕಾಲದ ಮನೆ, ಬಾಗಿಲು ತಗ್ಗು, ಬಗ್ಗಿ ಒಳಗೆ ಹೋಗ್ಬೇಕು. ಅಲ್ಲಿ ಫೈಲ್ ಒಂದೇ, ಸ್ಟ್ಯಾಟ್ಸ್ ಅಂತ, ಅದರೊಳಗೆ ಪದರ ಪದರವಾಗಿ ಎಲ್ಲಾ ಇರುತ್ತೆ. ಪ್ರತಿ ಪದರಕ್ಕೂ ಅದರದ್ದೇ ಲೇಬಲ್, ಕನ್ನಡ#0_ಕೋಎಫ್, ಕನ್ನಡ#0_ಟಿಸ್ಟ್ಯಾಟ್, ಹೀಗೆ. ಎಣಿಕೆ ಸೊನ್ನೆಯಿಂದ, ಅದು ಬೇರೆ ತಲೆನೋವು. ಆದ್ರೆ ಲೇಬಲ್ ಹಿಡಿದೇ ಕರೀಬಹುದು, ನಂಬರ್ ನೆನಪಿಡ್ಬೇಕಾಗಿಲ್ಲ.

ನನಗೆ ಅನುಮಾನ ಬಂದಿದ್ದು ನಿಮ್ಮ ಖಾಲಿ ಮ್ಯಾಪ್ ಮೇಲೆ. ಒಂದನೇದು, ಎರಡನೇದು ಸೊಗಸಾಗಿ ಬಂದು ಮೂರನೇದು ಪೂರ್ತಿ ಬಟ್ಟಬಯಲು ಅಂದ್ರೆ ಎರಡು ಸಾಧ್ಯತೆ. ನಿಜವಾಗ್ಲೂ ವ್ಯತ್ಯಾಸ ಇಲ್ಲ. ಅಥವಾ ಕೆಲವರಲ್ಲಿ ಕನ್ನಡ ಕಾಲಂ, ಇಂಗ್ಲಿಷ್ ಕಾಲಂ ಅದಲುಬದಲು ಆಗಿದೆ. ಯೋಚನೆ ಮಾಡಿ, ಅರ್ಧ ಜನರಲ್ಲಿ ಬೀಟಾ_0001 ಕನ್ನಡ, ಇನ್ನರ್ಧ ಜನರಲ್ಲಿ ಇಂಗ್ಲಿಷ್ ಆಗಿದ್ರೆ ನಿಮ್ಮ ‘ಕನ್ನಡ > ಗೀಟು’ ಏನಾಗುತ್ತೆ? ಅರ್ಧ ಕನ್ನಡ > ಗೀಟು, ಅರ್ಧ ಇಂಗ್ಲಿಷ್ > ಗೀಟು. ಎರಡೂ ಓದೋದೇ ಅಲ್ವಾ, ಅದೇ ಜಾಗ ಹೊತ್ತಿಕೊಳ್ಳುತ್ತೆ, ಯಾರಿಗೂ ಅನುಮಾನ ಬರಲ್ಲ. ಮೂರನೇದ್ರಲ್ಲಿ ಮಾತ್ರ ಹನ್ನೆರಡು ಜನ ಪ್ಲಸ್, ಹನ್ನೆರಡು ಜನ ಮೈನಸ್, ಸರಾಸರಿ ಹೊಡೆದ್ರೆ ಸೊನ್ನೆ.

ಕಾನ್ ಫೈಲಿನ ಹೆಡರ್ ನೋಡಿ ಸಮಾಧಾನ ಮಾಡ್ಕೋಬೇಡಿ! ಅಲ್ಲಿ ‘ಕಾಂಟ್ರಾಸ್ಟ್ 3: ಕನ್ನಡ > ಇಂಗ್ಲಿಷ್’ ಅಂತಲೇ ಇರುತ್ತೆ, ಯಾಕಂದ್ರೆ ಅದು ನೀವು ಟೈಪ್ ಮಾಡಿದ ಹೆಸರು. ನೀವು ‘ಕಡಲೆಕಾಯಿ > ಬೆಲ್ಲ’ ಅಂತ ಕೊಟ್ಟಿದ್ರೆ ಅದನ್ನೂ ಬರೀತಿತ್ತು. ನೋಡ್ಬೇಕಾದ್ದು ಬೀಟಾ ಹೆಡರ್. ಎಸ್‌ಪಿಎಂನಲ್ಲಿ ಡಿಸ್‌ಪ್ಲೇ ಬಟನ್ ಒತ್ತಿ ಬೀಟಾ_0001 ತೆರೀರಿ, ವಿವರಣೆ ಸಾಲಲ್ಲಿ ‘ಎಸ್‌ಎನ್(1)’ ಅಂತ ಬಂದು ಆಮೇಲೆ ಕಂಡಿಶನ್ (ಕನ್ನಡ, ಇಂಗ್ಲಿಷ್, ಗೀಟು ಇವುಗಳಲ್ಲೊಂದು) ಹೆಸರು, ಆಮೇಲೆ ‘*ಬಿಎಫ್(1)’ ಅಂತಿರುತ್ತೆ. ಒಂದನೇ ಸೆಷನ್, ಇಂಥ ಕಂಡಿಶನ್, ಒಂದನೇ ಬೇಸಿಸ್ ಫಂಕ್ಷನ್ (ಮೆದುಳಿನ ಪ್ರತಿಕ್ರಿಯೆಗೆ ಇಟ್ಕೊಂಡ ಆಕಾರ) ಅಂತ ಅರ್ಥ. ಆ ಹೆಸರು ಡಿಸೈನ್‌ನಿಂದ ಬಂದಿದ್ದು, ಕಾಂಟ್ರಾಸ್ಟ್ ಬರೆದವರ ಕೈ ಅದಕ್ಕೆ ತಾಕಿಲ್ಲ.

ನಿಮ್ಮದು ಮೂರು ಕಂಡಿಶನ್, ತಲೆ ಅಲುಗಾಡಿದ್ದಕ್ಕೆ ಆರು ಮೋಷನ್ ಕಾಲಂ, ಎರಡು ರನ್ ಅಂದ್ರೆ 1ರಿಂದ 3 ಮೊದಲ ರನ್‌ನ ಕಂಡಿಶನ್, 4ರಿಂದ 9 ಮೋಷನ್, 10ರಿಂದ 12 ಎರಡನೇ ರನ್‌ನ ಕಂಡಿಶನ್, 13ರಿಂದ 18 ಮತ್ತೆ ಮೋಷನ್, 19, 20 ಎರಡು ಕಾನ್‌ಸ್ಟಂಟ್. ಪ್ರತಿ ಕಂಡಿಶನ್ ಜೊತೆ ಟೈಮ್ ಡೆರಿವೇಟಿವ್ ಅನ್ನೋ ಹೆಚ್ಚುವರಿ ಕಾಲಂ ಹಾಕಿದ್ರೆ ಈ ಲೆಕ್ಕ ಎಲ್ಲಾ ಬಿದ್ದುಹೋಗುತ್ತೆ, ಬೀಟಾ_0002 ಎರಡನೇ ಕಂಡಿಶನ್ ಅಲ್ಲ, ಒಂದನೇದರ ಡೆರಿವೇಟಿವ್ ಆಗುತ್ತೆ. 24 ಜನರ 1 ಮತ್ತು 10ರ ಹೆಡರ್ ಪ್ರಿಂಟ್ ಮಾಡಿ ಇಲ್ಲಿ ಹಾಕಿ.


ಗೀಟುಗೆರೆ
ಬುಧವಾರ ರಾತ್ರಿ 12:35

ಕೈ ನಡುಗ್ತಿದೆ. ನಾಲ್ಕು ಸಾಲಿನ ಲೂಪ್ ಬರೆದು ಪ್ರಿಂಟ್ ಮಾಡ್ದೆ.

ಸಬ್-01: ಎಸ್‌ಎನ್(1) ಕನ್ನಡ*ಬಿಎಫ್(1)
ಸಬ್-02: ಎಸ್‌ಎನ್(1) ಇಂಗ್ಲಿಷ್*ಬಿಎಫ್(1)
ಸಬ್-03: ಎಸ್‌ಎನ್(1) ಕನ್ನಡ*ಬಿಎಫ್(1)
ಸಬ್-04: ಎಸ್‌ಎನ್(1) ಇಂಗ್ಲಿಷ್*ಬಿಎಫ್(1)

ಹೀಗೇ ಕೊನೇವರೆಗೂ, ಬೆಸ ನಂಬರ್ ಕನ್ನಡ, ಸರಿ ನಂಬರ್ ಇಂಗ್ಲಿಷ್. ಬೀಟಾ_0010 ಕೂಡ ಹಾಗೇ. ಕಾನ್_0003 ಹೆಡರ್ ನೋಡಿದ್ರೆ 24 ಜನಕ್ಕೂ ಕನ್ನಡ > ಇಂಗ್ಲಿಷ್ ಅಂತ ನಗ್ತಾ ಕೂತಿದೆ. ಮೂರುಚುಕ್ಕಿ ಅವರೇ ನಿಮ್ಮ ಕಡಲೆಕಾಯಿ ಬೆಲ್ಲ ನನ್ನ ಮನೇಲೇ ಇತ್ತು.

ಕಾರಣನೂ ಸಿಕ್ತು. ಲಾಗ್ ಫೈಲ್ ಓದಿ ಕಂಡಿಶನ್ ಹೆಸರುಗಳನ್ನ ತೆಗೆಯೋ ಜಾಗದಲ್ಲಿ ಹಿಂದಿನವರು ಮ್ಯಾಟ್‌ಲ್ಯಾಬ್‌ನ ಯುನೀಕ್ ಫಂಕ್ಷನ್‌ಗೆ (ಮತ್ತೆ ಮತ್ತೆ ಬರೋ ಹೆಸರನ್ನ ಒಂದೇ ಸಲ ಇಡೋದು) ‘ಸ್ಟೇಬಲ್’ ಅನ್ನೋ ಆಪ್ಷನ್ ಕೊಟ್ಟಿದಾರೆ. ಅದನ್ನ ಕೊಡ್ದೇ ಇದ್ರೆ ಅಕಾರಾದಿಯಾಗಿ ಬರುತ್ತೆ, ಎಲ್ಲರಿಗೂ ಒಂದೇ ಕ್ರಮ. ಕೊಟ್ರೆ ಲಾಗ್‌ನಲ್ಲಿ ಯಾವುದು ಮೊದಲು ಕಾಣಿಸ್ತೋ ಅದು ಮೊದಲು. ನಾವು ಕೌಂಟರ್‌ಬ್ಯಾಲೆನ್ಸ್ ಮಾಡಿದ್ವಲ್ಲ, ಬೆಸ ನಂಬರ್‌ನವರಿಗೆ ಮೊದಲ ಬ್ಲಾಕ್ ಕನ್ನಡ, ಸರಿ ನಂಬರ್‌ನವರಿಗೆ ಇಂಗ್ಲಿಷ್, ಗೀಟು ಎಲ್ಲರಿಗೂ ಮೂರನೇದು. ಅದಕ್ಕೇ ಗೀಟಿನ ಕಾಲಂ ಜಾಗ ಬಿಟ್ಟು ಕದಲಿಲ್ಲ, ಒಂದನೇ ಎರಡನೇ ಮ್ಯಾಪ್ ಅಷ್ಟು ಚೆನ್ನಾಗಿ ಬಂತು. ಸ್ಟೇಬಲ್ ಅಂತ ಹೆಸರಿಟ್ಕೊಂಡು ಇಷ್ಟು ಅಲ್ಲಾಡಿಸೋದಾ!

ನಾನು 72 ಫೈಲಿಗೆ ಕೈಯಾರೆ ‘ಕನ್ನಡಇಂಗ್ಲಿಷ್’ ಅಂತ ಹೆಸರಿಟ್ಟು ಸುಳ್ಳನ್ನ ಇನ್ನೂ ಗಟ್ಟಿ ಮಾಡಿದ್ದೆ ಅಂತ ಈಗ ಹೊಳೀತಿದೆ. ಅಷ್ಟನ್ನೂ ಡಿಲೀಟ್ ಮಾಡ್ದೆ.


ಮೂರುಚುಕ್ಕಿ
ಬುಧವಾರ ಬೆಳಿಗ್ಗೆ 8:02

ಯುನೀಕ್ ಸರಿಮಾಡಿದ್ರೆ ಸಾಲದು. ಕಾಂಟ್ರಾಸ್ಟ್‌ನ 1, -1, 0 ಅಂತ ಜಾಗ ನೋಡಿ ಬರೀಬೇಡಿ, ಎಸ್‌ಪಿಎಂ ಡಾಟ್ ಎಕ್ಸ್‌ಎಕ್ಸ್ ಡಾಟ್ ನೇಮ್ ಒಳಗೆ ಪ್ರತಿ ಕಾಲಂನ ಹೆಸರಿದೆ, ಅದರಲ್ಲಿ ‘ಕನ್ನಡ*’ ಇರೋ ಕಾಲಂಗೆಲ್ಲ 1, ‘ಇಂಗ್ಲಿಷ್*’ ಇರೋದಕ್ಕೆಲ್ಲ -1 ಹಾಕೋ ಹಾಗೆ ಸ್ಕ್ರಿಪ್ಟ್ ಬರೀರಿ. ಯಾರಾದ್ರೂ ಒಬ್ಬರಿಗೆ ಕಂಡಿಶನ್ ಸಿಗ್ಲಿಲ್ಲ ಅಂದ್ರೆ ಅಲ್ಲೇ ಎರರ್ ಬಂದು ನಿಲ್ಲಲಿ, ಸುಮ್ನೆ ಮುಂದೆ ಹೋಗೋದು ಬೇಡ. ನಾಳೆ ಯಾರೋ ‘ತಪ್ಪು ಉತ್ತರ’ ಅಂತ ನಾಲ್ಕನೇ ಕಂಡಿಶನ್ ಸೇರಿಸ್ತಾರೆ, ತಪ್ಪೇ ಮಾಡದವರಿಗೆ ಅದು ಇರಲ್ಲ, ಅವರ ಕಾಲಂ ಎಲ್ಲಾ ಒಂದೊಂದು ಮನೆ ಹಿಂದಕ್ಕೆ ಸರಿಯುತ್ತೆ. ಹೆಸರು ಹಿಡಿದು ಹುಡುಕಿದ್ರೆ ಅದೂ ತಾಗಲ್ಲ.


ಹಳೇವಾಕ್ಸೆಲ್
ಬುಧವಾರ ಬೆಳಿಗ್ಗೆ 8:30

ಇಪ್ಪತ್ತು ವರ್ಷದಿಂದ ಕಾನ್ ಹೆಡರ್ ನೋಡಿ ‘ಸರಿ ಇದೆ’ ಅಂತ ಟಿಕ್ ಹಾಕ್ತಾ ಬಂದಿದೀನಿ. ಬೀಟಾ ನೋಡ್ಬೇಕು ಅಂತ ಹೊಳೆದಿರಲಿಲ್ಲ. ಇವತ್ತು ಒಂದೆರಡು ಹಳೇ ಪ್ರಾಜೆಕ್ಟ್ ತೆಗೆದು ನೋಡ್ತೀನಿ, ರಿಸಲ್ಟ್ ಇಲ್ಲಿ ಕೇಳ್ಬೇಡಿ.


ಗೀಟುಗೆರೆ
ಗುರುವಾರ ಮಧ್ಯಾಹ್ನ 3:20

ಹೆಸರು ಹಿಡಿದು ಕಾಂಟ್ರಾಸ್ಟ್ ಬರೆದೆ, ರಾತ್ರಿಯಿಡೀ ಓಡ್ತು. ಮೂರನೇ ಮ್ಯಾಪ್ ಇನ್ನು ಖಾಲಿ ಇಲ್ಲ. ಏನು ಬಂದಿದೆ ಅಂತ ಇಲ್ಲಿ ಹೇಳಲ್ಲ, ಗೈಡ್ ಇನ್ನೂ ನೋಡಿಲ್ಲ. ಯಾವ ಕಾನ್ ಯಾವುದು ಅಂತ ಒಂದು ಚಿಕ್ಕ ಟೇಬಲ್ ಮಾಡಿ ಮಾಡೆಲ್ ಫೋಲ್ಡರ್‌ನಲ್ಲೇ ಇಟ್ಟೆ, ಪ್ರತಿ ಸಲ ಓಡಿದಾಗ ಸ್ಕ್ರಿಪ್ಟೇ ಬರೆಯುತ್ತೆ, ಬೀಟಾ ಹೆಡರ್ ಸಮೇತ. ಎಲ್ಲರಿಗೂ ಥ್ಯಾಂಕ್ಸ್, ಹುಬ್ಬಳ್ಳಿಯವರ ಆರು ಪ್ಲಸ್ಸಿಗೂ.


ಹುಬ್ಬಳ್ಳಿ_ಹುಡುಗ
ಗುರುವಾರ ಮಧ್ಯಾಹ್ನ 3:41

ಹೊಸಾ ಗ್ರೂಪ್ ಫೋಲ್ಡರಿಗೆ ಏನು ಹೆಸರಿಟ್ರಿ?


ಗೀಟುಗೆರೆ
ಗುರುವಾರ ಮಧ್ಯಾಹ್ನ 3:44

03_ಕನ್ನಡ-ಇಂಗ್ಲಿಷ್_ಎನ್24_ಸರಿಮಾಡಿದ್ದು


ಹುಬ್ಬಳ್ಳಿ_ಹುಡುಗ
ಗುರುವಾರ ಮಧ್ಯಾಹ್ನ 3:45

‘ಸರಿಮಾಡಿದ್ದು’ ಅನ್ನೂದು ‘ಫೈನಲ್2_ನ್ಯೂ’ನ ತಮ್ಮ ಅಲ್ಲೇನ್ರೀ?


ಗೀಟುಗೆರೆ
ಗುರುವಾರ ಮಧ್ಯಾಹ್ನ 3:52

ತೆಗೆದು ಮಾಡೆಲ್2 ಅಂತ ಮಾಡ್ದೆ. ಚೇಂಜ್‌ಪಾತ್ ಮತ್ತೆ ಓಡಿಸ್ಬೇಕಾಯ್ತು.